ಗಾಲಿ ಕಚ್ಚದಂತೆ ಕಾಯುವ ಬ್ರೇಕು ಮತ್ತು ಅದನ್ನು ನಿಲ್ಲಿಸುವ ಸ್ವಿಚ್ಚು

೧

ದಾವಣಗೆರೆ, ಆವರಗೆರೆ ಎಂಬ ಹೆಸರುಗಳ ಕೊನೆಯಲ್ಲಿರುವ ‘ಗೆರೆ’ಯು ಆದೇಶಸಂಧಿಯಿಂದ ಬಂದ ‘ಕೆರೆ’ಯೇ ಎಂಬುದು ವ್ಯಾಕರಣವನ್ನು ಬಲ್ಲವರಿಗೆ ಹೊಸದಲ್ಲ. ಕೆರೆ, ಭದ್ರಾ ಕಾಲುವೆ, ಗದ್ದೆ, ಎರೆಹೊಲ, ಕೆಮ್ಮಣ್ಣಿನ ದಿಣ್ಣೆಗಳ ಸೀಮೆಯಿದು. ಈಗ ದಾವಣಗೆರೆ ನಗರದೊಡನೆ ಬೆರೆತಿರುವ ಆವರಗೆರೆಯಿಂದ ಹೊರಟು ತುಂಗಭದ್ರೆಯ ದಡದ ಹರಿಹರವನ್ನು ಮುಟ್ಟುವ ವಾಹನವು ಕ್ರಮಿಸುವ ದೂರ ಹೆಚ್ಚಿನದಲ್ಲ. ಆದರೆ ಆ ಅಲ್ಪ ದೂರದಲ್ಲಿಯೇ ಗಾಲಿಯ ಕೆಳಗಣ ನೆಲವು ಹಲವು ಬಗೆಯಾಗಿ ಮಾರ್ಪಡಬಹುದು: ಹೊಲದ ದಾರಿಯ ಎರೆಮಣ್ಣು, ಜಲ್ಲಿ ಹರಡಿದ ಕಚ್ಚಾ ರಸ್ತೆ, ಊರೊಳಗಣ ಕಾಂಕ್ರೀಟು ಬೀದಿ, ಹಳೆಯ ಪಿ.ಬಿ. ರಸ್ತೆಯ ಡಾಂಬರು, ಹಿಂದೆ ೪ನೆಯ ಸಂಖ್ಯೆಯದಾಗಿದ್ದು ಈಗ ೪೮ನೆಯದೆನಿಸಿರುವ ರಾಷ್ಟ್ರೀಯ ಹೆದ್ದಾರಿ. ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆಯೇ ಒಣಗಲು ಹರವಿದ ಮೆಕ್ಕೆಜೋಳವೂ ಇದಕ್ಕೆ ಸೇರುತ್ತದೆ.

ನೆಲದ ಈ ವೈವಿಧ್ಯವೇ ಪ್ರಸ್ತುತ ವಿಚಾರಕ್ಕೆ ಮೂಲವಾದುದು. ಇಂದಿನ ಕಾರುಗಳಲ್ಲಿ ಎ.ಬಿ.ಎಸ್. ಎಂದು ಕರೆಯಲ್ಪಡುವ ಒಂದು ವ್ಯವಸ್ಥೆಯುಂಟು. ಬ್ರೇಕನ್ನು ಎಷ್ಟು ಬಲವಾಗಿ ಒತ್ತಿದರೂ ಗಾಲಿಗಳು ಕಚ್ಚಿ ನಿಲ್ಲದಂತೆ ಅದು ಕಾಯುತ್ತದೆ. ಕಚ್ಚಾ ದಾರಿಯಲ್ಲಿ ವಾಹನವನ್ನು ನಡೆಸುವವರಲ್ಲಿ ಕೆಲವರು, ಈ ಕಾವಲು ಸಡಿಲ ನೆಲದಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುವುದೆಂದೂ, ಬೇಕಾದಾಗ ಅದನ್ನು ನಿಲ್ಲಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ಚನ್ನು ಜೋಡಿಸಿಕೊಳ್ಳುವುದು ಜಾಣತನವೆಂದೂ ಹೇಳುವುದುಂಟು. ಈ ಮಾತನ್ನು ಹಾಸ್ಯಮಾಡಿ ತಳ್ಳಿಬಿಡುವುದು ಸುಲಭ. ಆದರೆ ಅದರಲ್ಲಿ ಒಂದಂಶ ಸತ್ಯವಿರುವುದರಿಂದ, ಸತ್ಯವೆಷ್ಟು, ಪ್ರಮಾದವೆಷ್ಟು ಎಂಬುದನ್ನು ವಿಂಗಡಿಸಿ ನೋಡುವುದೇ ಯುಕ್ತ.

೨

ಓಡುವ ವಾಹನವನ್ನು ನಿಲ್ಲಿಸುವುದು ಬ್ರೇಕೆಂದು ವಾಡಿಕೆಯಾಗಿ ಹೇಳುತ್ತಾರೆ. ವಸ್ತುತಃ ಬ್ರೇಕು ನಿಲ್ಲಿಸುವುದು ಗಾಲಿಯನ್ನು ಮಾತ್ರ. ವಾಹನವನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಒಂದೊಂದು ಗಾಲಿಯು ನೆಲವನ್ನು ಮುಟ್ಟುವ ಜಾಗವು ಹೆಚ್ಚುಕಡಮೆ ಒಂದು ಅಂಗೈಯಗಲದಷ್ಟೇ. ವಾಹನದ ಭಾರವೆಲ್ಲವೂ, ಅದರೊಳಗಣ ಪ್ರಾಣಗಳೂ ಆ ನಾಲ್ಕು ಅಂಗೈಗಳನ್ನು ನೆಚ್ಚಿಕೊಂಡಿರುತ್ತವೆ.

ಬ್ರೇಕನ್ನು ಒತ್ತಿದಾಗ ಗಾಲಿಯು ವಾಹನದ ವೇಗಕ್ಕಿಂತ ಸ್ವಲ್ಪ ನಿಧಾನವಾಗಿ ತಿರುಗತೊಡಗುತ್ತದೆ. ಎಂದರೆ ಉರುಳುವುದರ ಜೊತೆಗೆ ಕೊಂಚ ಜಾರುತ್ತದೆ. ಗಟ್ಟಿ ರಸ್ತೆಯ ಮೇಲೆ ಈ ಜಾರುವಿಕೆ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟಿದ್ದಾಗ ಟೈರಿನ ಹಿಡಿತವು ಪರಮಾವಧಿಗೆ ಏರುತ್ತದೆ. ಅದನ್ನು ಮೀರಿದರೆ ಹಿಡಿತ ಕುಗ್ಗುತ್ತದೆ. ಜಾರುವಿಕೆ ನೂರಕ್ಕೆ ನೂರಾದಾಗ ಗಾಲಿ ತಿರುಗುವುದೇ ಇಲ್ಲ. ವಾಹನ ಮಾತ್ರ ಮುಂದೆ ಸಾಗುತ್ತಿರುತ್ತದೆ. ಕಾರ್ಯಾಗಾರದವರು ಗಾಲಿ ‘ಜಾಮ್ ಆಯಿತು’, ‘ಲಾಕ್ ಆಯಿತು’ ಎಂದು ಹೇಳುವುದು ಈ ಅವಸ್ಥೆಯನ್ನೇ.

ಇದರ ಪರಿಣಾಮವನ್ನು ಪಠ್ಯಪುಸ್ತಕದ ಸರಳ ಸೂತ್ರದಿಂದ ಅಳೆಯಬಹುದು. ಗಂಟೆಗೆ ೬೦ ಕಿಲೋಮೀಟರು ವೇಗದ ವಾಹನವು ಸೆಕೆಂಡಿಗೆ ಸುಮಾರು ೧೭ ಮೀಟರು ಸಾಗುತ್ತದೆ. ಘರ್ಷಣಾಂಕವು ೦.೮ ಇದ್ದರೆ, ಬ್ರೇಕು ಹಿಡಿದ ಬಳಿಕ ಅದು ಸುಮಾರು ೧೮ ಮೀಟರಿನಲ್ಲಿ ನಿಲ್ಲುತ್ತದೆ, ೦.೬ಕ್ಕೆ ಇಳಿದರೆ ೨೪ ಮೀಟರು ಬೇಕು; ನೆನೆದ ರಸ್ತೆಯಲ್ಲಿ ೦.೪ ಆದರೆ ೩೫ ಮೀಟರು. ಎಚ್ಚತ್ತು ಕಾಲನ್ನು ಪೆಡಲಿನ ಮೇಲಿಡುವುದರೊಳಗೆ ಒಂದು ಸೆಕೆಂಡು ಕಳೆದರೂ, ೧೭ ಮೀಟರನ್ನು ಇವಕ್ಕೆ ಕೂಡಿಸಬೇಕು.

ಆದರೆ ದೂರದ ಲೆಕ್ಕಕ್ಕಿಂತಲೂ ಮುಖ್ಯವಾದುದೊಂದುಂಟು. ಹಿಡಿತವೆಂಬುದು ಒಂದೇ ಗಂಟಿನ ಹಣವಿದ್ದಂತೆ. ನಿಲ್ಲಿಸುವುದಕ್ಕೂ ಅದರಿಂದಲೇ ವೆಚ್ಚ, ಪಕ್ಕಕ್ಕೆ ತಿರುಗಿಸುವುದಕ್ಕೂ ಅದರಿಂದಲೇ ವೆಚ್ಚ. ಕಚ್ಚಿದ ಗಾಲಿಯು ಗಂಟನ್ನೆಲ್ಲ ಜಾರುವುದರಲ್ಲಿಯೇ ಕಳೆದುಬಿಡುತ್ತದೆ. ಆಗ ಸ್ಟೀರಿಂಗನ್ನು ಎತ್ತ ತಿರುಗಿಸಿದರೂ ವಾಹನವು ತಾನು ಹೊರಟ ದಿಕ್ಕಿಗೇ ಹೋಗುತ್ತದೆ. ಕರ್ಣನ ರಥದ ಕಥೆಯನ್ನು ಓದಿದವರಿಗೆ ಈ ಅವಸ್ಥೆ ಪರಿಚಿತವೇ. ಅಲ್ಲಿ ಗಾಲಿಯು ನೆಲದಲ್ಲಿ ಹೂತಿತು. ಇಲ್ಲಿ ಬ್ರೇಕಿನಲ್ಲಿ ಸಿಕ್ಕುತ್ತದೆ. ಫಲ ಮಾತ್ರ ಒಂದೇ: ರಥವು ರಥಿಕನ ಕೈಯಲ್ಲಿರುವುದಿಲ್ಲ.

೩

ಗಾಲಿ ಕಚ್ಚುವ ಹೊತ್ತಿಗೆ ಬ್ರೇಕನ್ನು ತುಸು ಸಡಿಲಿಸಿ ಮತ್ತೆ ಒತ್ತಬೇಕೆಂಬುದು ನುರಿತ ಚಾಲಕರಿಗೆ ಮೊದಲಿನಿಂದಲೂ ಗೊತ್ತಿದ್ದ ಉಪಾಯ. ಕುದುರೆಯ ವಾಘೆಯನ್ನು ಹಿಡಿದವನು ಒಂದೇ ಸಮನೆ ಜಗ್ಗುವುದಿಲ್ಲವಷ್ಟೆ. ಆದರೆ ಅಪಾಯದ ಗಳಿಗೆಯಲ್ಲಿ ಮನುಷ್ಯನ ಕಾಲು ವಿವೇಕವನ್ನು ಕೇಳುವುದಿಲ್ಲ. ಆದುದರಿಂದ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ ನಡೆಯಿತು. ಮೊದಲು ಫಲಕಂಡುದು ವಿಮಾನಗಳಲ್ಲಿ; ೧೯೫೦ರ ದಶಕದಲ್ಲಿ ಡನ್ಲಪ್ ಕಂಪನಿಯ ಮ್ಯಾಕ್ಸರೆಟ್ ಎಂಬ ಯಂತ್ರವು ನೆಲಕ್ಕಿಳಿಯುವ ವಿಮಾನದ ಗಾಲಿಗಳನ್ನು ಕಾಯತೊಡಗಿತು. ೧೯೬೬ರಲ್ಲಿ ಅದೇ ಯಂತ್ರವು ಇಂಗ್ಲೆಂಡಿನ ಜೆನ್ಸನ್ ಎಫ್.ಎಫ್. ಎಂಬ ಕಾರಿಗೆ ಬಂದಿತು. ನಾಲ್ಕು ಗಾಲಿಗಳನ್ನೂ ವಿದ್ಯುನ್ಮಾನ ವಿಧಾನದಿಂದ ಕಾಯುವ ಬಾಷ್ ಕಂಪನಿಯ ವ್ಯವಸ್ಥೆಯು ೧೯೭೮ರಲ್ಲಿ ಮರ್ಸಿಡಿಸ್-ಬೆಂಜ್ ಕಾರಿನಲ್ಲಿ ಮಾರುಕಟ್ಟೆಗೆ ಬಂದಿತು. ಬೆಂಗಳೂರಿನ ಮೈಕೋ ಕಾರ್ಖಾನೆಯ ಮೂಲಕ ಬಾಷ್ ಕಂಪನಿಯು ಕನ್ನಡಿಗರಿಗೂ ಪರಿಚಿತವಾದುದೇ.

ಈ ವ್ಯವಸ್ಥೆಯ ಅಂಗಗಳು ಮೂರು. ಮೊದಲನೆಯದು ಗಾಲಿಯ ವೇಗವನ್ನು ಅಳೆಯುವ ಸಂವೇದಕ. ಹಲವು ವಾಹನಗಳಲ್ಲಿ ಗಾಲಿಯೊಡನೆ ತಿರುಗುವ ಒಂದು ಹಲ್ಲುಬಳೆಯಿರುತ್ತದೆ; ಅದರ ಹಲ್ಲುಗಳು ಸಂವೇದಕದ ಮುಂದೆ ಹಾಯುವಾಗ ವಿದ್ಯುತ್ತಿನ ಸ್ಪಂದನಗಳು ಏಳುತ್ತವೆ. ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಕಂಡವರಿಗೆ ಹಲ್ಲುಚಕ್ರದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಎರಡನೆಯದು ಈ ಸ್ಪಂದನಗಳನ್ನು ಎಣಿಸಿ, ಯಾವ ಗಾಲಿ ಹಠಾತ್ತಾಗಿ ನಿಧಾನವಾಗುತ್ತಿದೆಯೆಂದು ನಿರ್ಣಯಿಸುವ ನಿಯಂತ್ರಕ. ಮೂರನೆಯದು ಬ್ರೇಕಿನ ಎಣ್ಣೆಯ ಒತ್ತಡವನ್ನು ತಡೆಯುವ, ಇಳಿಸುವ, ಮತ್ತೆ ಏರಿಸುವ ಕವಾಟಗಳೂ ಒಂದು ಪಂಪೂ ಸೇರಿದ ಪೆಟ್ಟಿಗೆ. ಕಚ್ಚಲಿರುವ ಗಾಲಿಯ ಒತ್ತಡವನ್ನು ಇದು ಸೆಕೆಂಡಿಗೆ ಹಲವು ಬಾರಿ ಇಳಿಸಿ ಏರಿಸುತ್ತದೆ. ಆಗ ಪೆಡಲು ಕಾಲಿನ ಕೆಳಗೆ ನಡುಗುವುದನ್ನು ಕಂಡು ಬ್ರೇಕು ಕೆಟ್ಟಿತೆಂದು ಭ್ರಮಿಸಿ ಕಾಲನ್ನು ತೆಗೆಯುವವರುಂಟು. ಅದು ತಪ್ಪು, ಆ ನಡುಕವೇ ಕಾವಲುಗಾರನು ಎಚ್ಚರವಾಗಿರುವುದರ ಗುರುತು.

೪

ಇನ್ನು ಆಕ್ಷೇಪದ ವಿಚಾರ. ಆಳವಾದ ಸಡಿಲ ಜಲ್ಲಿ, ಮರಳು, ಹೊಸ ಹಿಮ, ಇವುಗಳ ಮೇಲೆ ಕಚ್ಚಿದ ಗಾಲಿಯು ನೆಲವನ್ನು ಉಳುತ್ತ ಹೋಗಿ, ತನ್ನ ಮುಂದೆ ಒಂದು ಗುಡ್ಡೆಯನ್ನು ಒಟ್ಟಿಕೊಳ್ಳುತ್ತದೆ. ಆ ಗುಡ್ಡೆಯೇ ವಾಹನಕ್ಕೆ ಅಡ್ಡಗಟ್ಟೆಯಾಗಿ ಅದನ್ನು ಬೇಗ ನಿಲ್ಲಿಸುತ್ತದೆ. ಎ.ಬಿ.ಎಸ್. ಗಾಲಿಯನ್ನು ತಿರುಗಿಸುತ್ತಲೇ ಇರುವುದರಿಂದ ಗುಡ್ಡೆ ಕಟ್ಟುವುದಿಲ್ಲ. ನಿಲ್ಲುವ ದೂರ ಹೆಚ್ಚುತ್ತದೆ. ಇದು ಪರೀಕ್ಷೆಗಳಿಂದ ಸಿದ್ಧವಾದ ಸಂಗತಿ. ವಾಹನಗಳನ್ನು ನಿರ್ಮಿಸುವವರೂ ಇದನ್ನು ಮರೆಮಾಡಿಲ್ಲ. ೧೯೮೦ರ ದಶಕದ ಆಡಿ ಕ್ವಾಟ್ರೊ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎ.ಬಿ.ಎಸ್. ನಿಲ್ಲಿಸುವ ಗುಂಡಿಯನ್ನು ಕಾರ್ಖಾನೆಯವರೇ ಇಟ್ಟಿದ್ದರು. ಭಾರತದಲ್ಲಿ ೨೦೨೦ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮೋಟಾರುಸೈಕಲ್ಲಿನಲ್ಲಿ ಹಿಂದಿನ ಗಾಲಿಯ ಕಾವಲನ್ನು ಮಾತ್ರ ನಿಲ್ಲಿಸುವ ಏರ್ಪಾಡು ಬಂದಿತು.

ಆದರೆ ಈ ಸತ್ಯಕ್ಕೆ ಎರಡು ಮೇರೆಗಳುಂಟು. ಗುಡ್ಡೆ ಕಟ್ಟಬೇಕಾದರೆ ಸಡಿಲ ಪದರವು ಆಳವಾಗಿರಬೇಕು. ಗಟ್ಟಿ ಡಾಂಬರಿನ ಮೇಲೆ ತೆಳ್ಳಗೆ ಚೆಲ್ಲಿದ ಜಲ್ಲಿಯಾಗಲಿ, ಹರವಿದ ಮೆಕ್ಕೆಜೋಳದ ಕಾಳಾಗಲಿ ಗಾಲಿಗೆ ಅಡ್ಡಗಟ್ಟೆಯಾಗುವುದಿಲ್ಲ; ಗೋಲಿಗಳಂತೆ ಉರುಳಿ ವಾಹನವನ್ನು ಜಾರಿಸುತ್ತವೆ. ನೆನೆದ ಎರೆಮಣ್ಣು ಬಳಿದ ರಸ್ತೆಯದೂ ಇದೇ ಗತಿ. ಎರಡನೆಯದಾಗಿ, ಆಳವಾದ ಜಲ್ಲಿಯಲ್ಲಿ ಕೂಡ ಕಚ್ಚಿದ ಗಾಲಿಯು ದೂರವನ್ನು ಉಳಿಸಿಕೊಡುವುದೇ ಹೊರತು ದಿಕ್ಕನ್ನು ಉಳಿಸಿಕೊಡುವುದಿಲ್ಲ. ಎದುರಿಗೆ ಬಂದ ಮಗುವನ್ನು ತಪ್ಪಿಸಿ ಪಕ್ಕಕ್ಕೆ ಹೋಗಬೇಕಾದವನಿಗೆ ಬೇಕಾದುದು ದಿಕ್ಕೇ.

೫

ಕಾರ್ಖಾನೆಯವರು ಇಟ್ಟ ಗುಂಡಿಗೂ, ತಾವೇ ತಂತಿ ಕತ್ತರಿಸಿ ಜೋಡಿಸಿಕೊಂಡ ಸ್ವಿಚ್ಚಿಗೂ ಮೇಲುನೋಟಕ್ಕೆ ಭೇದವಿಲ್ಲ. ಆದರೆ ಭೇದವು ಬಹಳವಾಗಿದೆ. ಸಾಮಾನ್ಯವಾಗಿ ಇಂಥ ಜೋಡಣೆಯಲ್ಲಿ ಮಾಡುವುದು, ಫ್ಯೂಸಿನಿಂದ ನಿಯಂತ್ರಕಕ್ಕೆ ಹೋಗುವ ವಿದ್ಯುತ್ತಿಗೆ ನಡುವೆ ತಡೆಯೊಂದನ್ನಿಡುವುದು. ವಿದ್ಯುತ್ತು ನಿಂತರೂ ಬ್ರೇಕು ಪೂರ್ತಿಯಾಗಿ ಹೋಗುವುದಿಲ್ಲವೆಂಬುದು ನಿಜ. ಏಕೆಂದರೆ ಎಣ್ಣೆಯನ್ನು ಗಾಲಿಗೆ ಬಿಡುವ ಕವಾಟಗಳು ವಿದ್ಯುತ್ತಿಲ್ಲದಾಗ ತೆರೆದಿರುವಂತೆಯೂ, ಒತ್ತಡವನ್ನು ಇಳಿಸುವ ಕವಾಟಗಳು ಮುಚ್ಚಿರುವಂತೆಯೂ ರಚಿತವಾಗಿವೆ. ಇದನ್ನು ಕಂಡವರು, ಹಳೆಯ ಕಾಲದ ಕಾರಿನ ಬ್ರೇಕು ಉಳಿಯಿತು, ಅಷ್ಟೇ ಎಂದು ಸಮಾಧಾನಪಡುತ್ತಾರೆ. ಪ್ರಮಾದವಿರುವುದು ಇಲ್ಲಿಯೇ.

ಬ್ರೇಕು ಹಿಡಿದಾಗ ವಾಹನದ ಭಾರವು ಮುಂದಕ್ಕೆ ವಾಲಿ, ಹಿಂದಿನ ಗಾಲಿಗಳು ಹಗುರವಾಗುತ್ತವೆ. ಹಿಂದೆಯೂ ಮುಂದೆಯೂ ಒಂದೇ ಒತ್ತಡ ಬಿದ್ದರೆ ಹಿಂದಿನ ಗಾಲಿಗಳು ಮೊದಲು ಕಚ್ಚಿ, ವಾಹನವು ಬಾಲವನ್ನು ಬೀಸಿ ತಿರುಗಿಬಿಡುತ್ತದೆ. ಹಳೆಯ ಕಾರುಗಳಲ್ಲಿ ಹಿಂದಿನ ಒತ್ತಡವನ್ನು ಮಿತಗೊಳಿಸಲು ಪ್ರತ್ಯೇಕವಾದ ಒಂದು ಕವಾಟವಿರುತ್ತಿತ್ತು. ಎ.ಬಿ.ಎಸ್. ಬಂದ ಮೇಲೆ ಹಲವು ಕಾರುಗಳಲ್ಲಿ ಆ ಕವಾಟವನ್ನು ತೆಗೆದು, ಅದರ ಕೆಲಸವನ್ನು ಇ.ಬಿ.ಡಿ. ಎಂಬ ಹೆಸರಿನಿಂದ ಇದೇ ನಿಯಂತ್ರಕಕ್ಕೆ ವಹಿಸಿದರು. ಅಂಥ ಕಾರಿನಲ್ಲಿ ವಿದ್ಯುತ್ತನ್ನು ಕತ್ತರಿಸಿದರೆ ಉಳಿಯುವುದು ಹಳೆಯ ಕಾರಿನ ಬ್ರೇಕಲ್ಲ, ಅದಕ್ಕಿಂತಲೂ ಕೀಳಾದುದು. ತಿರುವಿನಲ್ಲಿ ವಾಹನವು ಅಡ್ಡಜಾರದಂತೆ ಕಾಯುವ ಇ.ಎಸ್.ಸಿ. ಇದ್ದರೆ, ಅದೂ ಇದರೊಡನೆಯೇ ಹೋಗುತ್ತದೆ. ಒಂದನ್ನು ನಿಲ್ಲಿಸಹೋಗಿ ಮೂರನ್ನು ನಿಲ್ಲಿಸಿದಂತಾಗುತ್ತದೆ.

ಮತ್ತೊಂದು ದೋಷವು ಎಚ್ಚರಿಕೆಯ ದೀಪಕ್ಕೆ ಸಂಬಂಧಿಸಿದುದು. ವ್ಯವಸ್ಥೆ ಕೆಟ್ಟಾಗ ಹತ್ತಬೇಕಾದ ದೀಪವು ಸ್ವಿಚ್ಚನ್ನು ಆರಿಸಿದಾಗಲೆಲ್ಲ ಹತ್ತುತ್ತದೆ. ನಿತ್ಯವೂ ಹತ್ತುವ ದೀಪವನ್ನು ಕಣ್ಣು ಗಮನಿಸುವುದನ್ನು ಬಿಡುತ್ತದೆ. ಮುಂದೆ ಸಂವೇದಕವೇ ಕೆಟ್ಟಾಗ, ಅಥವಾ ಮಳೆಗಾಲದಲ್ಲಿ ಆ ಹೊಸ ಜೋಡಣೆಯೇ ಕಿಲುಬುಹಿಡಿದು ಸಡಿಲವಾದಾಗ, ಬೇಕೆಂದು ನಿಲ್ಲಿಸಿದುದು ಯಾವುದು, ತಾನಾಗಿ ಕೆಟ್ಟುದು ಯಾವುದು ಎಂಬ ವಿವೇಚನೆ ಚಾಲಕನಿಗೆ ಉಳಿಯುವುದಿಲ್ಲ.

೬

ಇವೆಲ್ಲಕ್ಕಿಂತ ಗುರುತರವಾದ ದೋಷವು ಯಂತ್ರದ್ದಲ್ಲ, ಮನುಷ್ಯನದು. ಭಾರಿ ವಾಹನಗಳ ಬ್ರೇಕನ್ನು ಕುರಿತ ವಿಶ್ವಸಂಸ್ಥೆಯ ೧೩ನೆಯ ನಿಯಮದಲ್ಲಿ, ಕಚ್ಚಾ ನೆಲದ ಲಾರಿಗಳಿಗೆ ಮಾತ್ರ ಎ.ಬಿ.ಎಸ್. ನಿಲ್ಲಿಸುವ ಸಾಧನಕ್ಕೆ ಅನುಮತಿಯುಂಟು. ಆದರೆ ವಾಹನದ ಕೀಲಿಯನ್ನು ಮತ್ತೆ ತಿರುಗಿಸಿದೊಡನೆ ಕಾವಲು ತಾನಾಗಿಯೇ ಹಿಂದಿರುಗಬೇಕೆಂಬ ಕಟ್ಟಳೆಯೂ ಅದರಲ್ಲಿಯೇ ಇದೆ. ಕಾರುಗಳನ್ನು ಕುರಿತ ೧೩-ಎಚ್ ನಿಯಮದಲ್ಲಿ ಅಂಥ ಸಾಧನಕ್ಕೆ ಎಡೆಯೇ ಇಲ್ಲ. ಈ ಕಟ್ಟಳೆಯ ಹಿಂದಿರುವ ವಿವೇಕವು ಗಮನಾರ್ಹವಾದುದು. ಮನುಷ್ಯನು ಮರೆಯುವವನು, ಆದುದರಿಂದ ಸ್ವಿಚ್ಚು ಅವನ ಆಜ್ಞೆಯನ್ನು ತಾನೂ ಮರೆಯಬೇಕು. ಮನೆಯಲ್ಲಿ ಜೋಡಿಸಿದ ಸ್ವಿಚ್ಚಾದರೋ ಏನನ್ನೂ ಮರೆಯುವುದಿಲ್ಲ. ಅದನ್ನು ಆರಿಸಿದವನು ಮರೆತರೂ, ಮರುದಿನ ಆ ಕಾರನ್ನು ಅವನ ಮಗಳೋ ಗೆಳೆಯನೋ ಕೊಂಡುಹೋದರೂ, ಅದು ಆರಿದಂತೆಯೇ ಇರುತ್ತದೆ.

ಆವರಗೆರೆಯ ಕಡೆಯ ಹೊಲದ ದಾರಿಯಲ್ಲಿ ಜಲ್ಲಿಗಾಗಿ ಸ್ವಿಚ್ಚನ್ನು ಆರಿಸಿದವನೊಬ್ಬನನ್ನು ಊಹಿಸಬಹುದು. ಅಲ್ಲಿ ಅವನ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರು. ಆ ವೇಗದಲ್ಲಿ ಉಳಿಯುವ ದೂರವು ಕೆಲವೇ ಮಾರು. ಸ್ವಲ್ಪ ಹೊತ್ತಿನಲ್ಲಿ ಅವನು ಹರಿಹರದ ಹೆದ್ದಾರಿಯಲ್ಲಿರುತ್ತಾನೆ. ವೇಗ ಎಂಬತ್ತು; ಮಳೆ ಹನಿಯತೊಡಗಿದೆ; ಹಿಂದೀಪವಿಲ್ಲದ ಟ್ರ್ಯಾಕ್ಟರು ಮುಂದೆ ಕಾಣಿಸುತ್ತದೆ. ಲಾಭವು ಅಲ್ಪ ವೇಗದ ನೆಲದಲ್ಲಿ, ನಷ್ಟವು ಮಹಾವೇಗದ ನೆಲದಲ್ಲಿ. ಇವೆರಡಕ್ಕೂ ನಡುವೆ ಇರುವುದು ಒಬ್ಬನ ನೆನಪು ಮಾತ್ರ.

ಶಾಸನದ ದೃಷ್ಟಿಯೂ ಇದಕ್ಕೆ ಅನುಕೂಲವಾಗಿಲ್ಲ. ಭಾರತದಲ್ಲಿ ೨೦೧೯ರ ಏಪ್ರಿಲಿನಿಂದ ಹೊಸ ಕಾರುಗಳಿಗೂ, ೧೨೫ ಸಿ.ಸಿ.ಗೆ ಮೀರಿದ ಹೊಸ ಮೋಟಾರುಸೈಕಲ್ಲುಗಳಿಗೂ ಎ.ಬಿ.ಎಸ್. ಕಡ್ಡಾಯವಾಗಿದೆ. ನಿಯಮಗಳು ಒಪ್ಪದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಒಡೆಯನಿಗೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯು, ೨೦೧೯ರ ತಿದ್ದುಪಡಿಯ ಬಳಿಕ, ಒಂದೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿಯ ದಂಡವನ್ನಾಗಲಿ, ಆರು ತಿಂಗಳವರೆಗಿನ ಸೆರೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದಾಗಿದೆ.

ಹಾಗಾದರೆ ಕಚ್ಚಾ ದಾರಿಯವನಿಗೆ ಗತಿಯೇನು? ಉತ್ತರವು ಸರಳವಾದುದು. ವೇಗವು ಅರ್ಧವಾದರೆ ನಿಲ್ಲುವ ದೂರವು ನಾಲ್ಕನೆಯ ಒಂದು ಪಾಲಾಗುತ್ತದೆ. ಜಲ್ಲಿಯ ಮೇಲೆ ಕಚ್ಚಿದ ಗಾಲಿ ಕೊಡುವ ಲಾಭಕ್ಕಿಂತ ಇದು ಎಷ್ಟೋ ಹೆಚ್ಚಿನದು, ಇದಕ್ಕೆ ತಂತಿಯೂ ಬೇಡ. ಟೈರು ಸವೆಯದಂತೆ, ಗಾಳಿ ಕುಂದದಂತೆ ನೋಡಿಕೊಳ್ಳುವುದು. ಅಪಾಯದಲ್ಲಿ ಪೆಡಲನ್ನು ಪೂರ್ತಿ ಒತ್ತಿ, ನಡುಕಕ್ಕೆ ಅಂಜದೆ, ತೆರಪಿರುವ ಕಡೆಗೆ ಸ್ಟೀರಿಂಗನ್ನು ತಿರುಗಿಸುವುದು. ನಿತ್ಯವೂ ಸಡಿಲ ನೆಲದಲ್ಲಿಯೇ ಕೆಲಸವುಳ್ಳವನು ಅದಕ್ಕಾಗಿಯೇ ನಿರ್ಮಿತವಾದ ವಾಹನವನ್ನು ಕೊಳ್ಳುವುದು. ಇಷ್ಟು ಮಾಡಿದವನಿಗೆ ಆ ಸ್ವಿಚ್ಚಿನ ಅಗತ್ಯವು ತೋರುವುದಿಲ್ಲ.