ಹಾಯಿದೋಣಿಯ ಲೆಕ್ಕದ ಪುಸ್ತಕ

ಹೊಸಪೇಟೆಯವರಾದ ನಮಗೆ ದೊಡ್ಡ ನೀರು ಎಂದರೆ ತುಂಗಭದ್ರಾ ಜಲಾಶಯ. ಸಮುದ್ರವೇನಿದ್ದರೂ ಶಾಲಾ ಪ್ರವಾಸದಲ್ಲಿ ಒಮ್ಮೆ ಕಾಲು ನೆನೆಸಿ ಬರುವ ಜಾಗ. ಹಾಯಿದೋಣಿಯಲ್ಲೇ ಸಂಸಾರ ಹೂಡಿರುವ ಗೆಳೆಯರು ನನಗೆ ಸಿಕ್ಕಿದ್ದು ಹಂಪಿಯ ದಯೆಯಿಂದ. ಕಳೆದ ಜನವರಿಯಲ್ಲಿ ಫ್ರಾನ್ಸ್‌ನ ದಂಪತಿಯೊಬ್ಬರು ದೋಣಿಯನ್ನು ಕೊಚ್ಚಿಯಲ್ಲಿ ಕಟ್ಟಿಹಾಕಿ, ರೈಲು ಹತ್ತಿ ಹಂಪಿ ನೋಡಲು ಬಂದಿದ್ದರು. ಬಸ್ ನಿಲ್ದಾಣದಲ್ಲಿ ದಾರಿ ಕೇಳಿದವರ ಜೊತೆ ಎರಡು ದಿನ ತಿರುಗಾಡಿದೆ. ಅಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಹೊರಡುವಾಗ ‘ನೀನೂ ನಮ್ಮ ಮನೆಗೆ ಬರಬೇಕು’ ಎಂದರು. ಅಂಕಲ್‌ಗೆ 64 ವರ್ಷ, ನಿವೃತ್ತ ತಂತ್ರಜ್ಞ. ಆಂಟಿ ಶಾಲಾ ಶಿಕ್ಷಕಿಯಾಗಿದ್ದವರು. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ನಾನು ಕೊಚ್ಚಿಗೆ ಹೊರಟೆ.

ಎರ್ನಾಕುಲಂನ ಹೈಕೋರ್ಟ್ ಜಂಕ್ಷನ್‌ನಿಂದ ಗೋಶ್ರೀ ಸೇತುವೆ ದಾಟಿದರೆ ಬೊಲ್ಗಾಟ್ಟಿ ದ್ವೀಪ. 1744ರಲ್ಲಿ ಡಚ್ಚರು ಕಟ್ಟಿದ ಅರಮನೆ ಈಗ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್. ಅದರ ಪಕ್ಕದಲ್ಲೇ ಮರೀನಾ. ಸರಳವಾಗಿ ಹೇಳುವುದಾದರೆ ಇದು ದೋಣಿಗಳ ಪಾರ್ಕಿಂಗ್ ಜಾಗ. ತೇಲುವ ಕಟ್ಟೆಗೆ ದೋಣಿ ಕಟ್ಟಿಕೊಂಡು ದಡದ ನೀರು, ಕರೆಂಟು ಪಡೆಯಬಹುದು. ಹತ್ತಿರದ ವಲ್ಲಾರ್ಪಾಡಂನಲ್ಲಿ ಬೆಟ್ಟದಂಥ ಕಂಟೇನರ್ ಹಡಗುಗಳು. ಇಲ್ಲಿ ಮಾತ್ರ 11 ಮೀಟರ್ ಉದ್ದದ, ನನಗಿಂತ ಹದಿನೈದು ವರ್ಷ ಹಿರಿಯದಾದ ಒಂದು ದೋಣಿ. ಹತ್ತುವ ಮುಂಚೆ ಚಪ್ಪಲಿ ಬಿಡಬೇಕು ಎಂದಾಗ ನಮ್ಮ ಮನೆಯೇ ನೆನಪಾಯಿತು.

ಒಳಗೆ ಇಳಿದರೆ ರೈಲಿನ ಬೋಗಿಯ ಹಾಗೆ ಒಂದಿಂಚೂ ವ್ಯರ್ಥವಾಗದ ಜಾಗ. ಕೂರುವ ಬೆಂಚಿನ ಕೆಳಗೆ ಅಕ್ಕಿಬೇಳೆ, ಮೆಟ್ಟಿಲ ಹಿಂದೆ ಎಂಜಿನ್. ದೋಣಿ ವಾಲಿದರೂ ಪಾತ್ರೆ ಚೆಲ್ಲದಂತೆ ತೂಗಾಡುವ ಗ್ಯಾಸ್ ಒಲೆ. ಅದರ ಮೇಲೆ ಕೊಚ್ಚಿಯಲ್ಲಿ ಕೊಂಡ ಹೊಸ ಕುಕ್ಕರ್! ಮುಚ್ಚಳ ಭದ್ರ, ಗ್ಯಾಸೂ ಉಳಿತಾಯ. ಸಮುದ್ರಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ ಎಂಬುದು ಆಂಟಿಯ ತೀರ್ಪು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಂಟಿಯ ಲೆಕ್ಕದ ಪುಸ್ತಕ. ನಾವು ಹಾಲು, ತರಕಾರಿ ಲೆಕ್ಕ ಬರೆಯುವಂತೆ ಅವರು ಕರೆಂಟು, ನೀರಿನ ಲೆಕ್ಕ ಬರೆಯುತ್ತಾರೆ. ಫ್ರಿಜ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ದಿನಕ್ಕೆ 12 ತಾಸು ಓಡಿದರೆ 60 ಆಂಪಿಯರ್-ಅವರ್. ಬ್ಯಾಟರಿ 400ರದ್ದು. ಆದರೆ ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಅದರ ಆಯುಷ್ಯ ಕುಗ್ಗುತ್ತದೆ. ಹಾಗಾಗಿ ಕೈಯಲ್ಲಿರುವುದು 200 ಮಾತ್ರ. ಮೋಡ ಕವಿದ ದಿನ ಸೌರಫಲಕ ಕೈಕೊಟ್ಟರೆ ಮೊದಲು ಫ್ರಿಜ್ ಬಂದ್, ಕೊನೆಯವರೆಗೂ ಉಳಿಯುವುದು ರಾತ್ರಿಯ ಸಂಚಾರ ದೀಪ. ನೀರಿನ ಟ್ಯಾಂಕ್ 300 ಲೀಟರ್. ಪಾತ್ರೆ ಮೊದಲು ಸಮುದ್ರದ ನೀರಿನಲ್ಲಿ ತೊಳೆದು, ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಜಾಲಿಸುತ್ತಾರೆ. ಹಾಸ್ಟೆಲ್‌ನಲ್ಲಿ ಒಂದು ಸ್ನಾನಕ್ಕೆ ಎರಡು ಬಕೆಟ್ ಸುರಿದುಕೊಳ್ಳುವ ನಾನು ಆ ಪುಟವನ್ನು ಎರಡು ಸಲ ಓದಿದೆ.

ಮರುದಿನ ಅಂಕಲ್ ನನ್ನ ಕೈಗೆ ಮಲ್ಟಿಮೀಟರ್ ಕೊಟ್ಟರು. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪು ಏದುಸಿರು ಬಿಡುತ್ತಿತ್ತು. ಹೊಸ ಪಂಪು ತರುವ ಯೋಚನೆಯಲ್ಲಿದ್ದರು. ಪಂಪು ಓಡುತ್ತಿರುವಾಗಲೇ ಅಳೆದೆ. ಬ್ಯಾಟರಿ ಬಳಿ 12.6 ವೋಲ್ಟ್, ಪಂಪಿನ ಬಳಿ 10.6. ಎರಡು ವೋಲ್ಟ್ ದಾರಿಯಲ್ಲೇ ಮಾಯ! ಮನೆಯ 230 ವೋಲ್ಟ್‌ನಲ್ಲಿ ಎರಡು ಹೋದರೆ ಶೇ 1ರಷ್ಟೂ ಅಲ್ಲ, ಯಾರಿಗೂ ಗೊತ್ತಾಗದು. 12ರಲ್ಲಿ ಎರಡು ಎಂದರೆ ಹೆಚ್ಚುಕಡಿಮೆ ಆರನೇ ಒಂದು ಪಾಲು. ಪಂಪಿಗಿಂತ ವೈರಿನ ಮೇಲೆ ನನಗೆ ಅನುಮಾನ ಬಂತು. ಇಬ್ಬರೂ ಬೋರಲು ಮಲಗಿ ವೈರಿನ ಜಾಡು ಹಿಡಿದೆವು. ಉಪ್ಪುಗಾಳಿಗೆ ಹಸಿರುಗಟ್ಟಿದ ಒಂದು ಜೋಡಣೆ ಸಿಕ್ಕಿತು. ಕತ್ತರಿಸಿ, ಹೊಸ ಲಗ್ ಒತ್ತಿ ಕೂರಿಸಿದಾಗ ಪಂಪಿನ ಬಳಿ 11.8. ಅದರ ಸದ್ದೇ ಬದಲಾಯಿತು. ‘ನಡುನೀರಿನಲ್ಲಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡೋಕಾಗಲ್ಲ’ ಎಂದು ಅಂಕಲ್ ನಕ್ಕರು.

ಆಮೇಲೆ ಅವರು ಡಬ್ಬಿಯಿಂದ ಇಲಿ ಕಡಿದಂತಿದ್ದ ಲೋಹದ ತುಂಡೊಂದನ್ನು ತೆಗೆದು ತೋರಿಸಿದರು. ಪ್ರೊಪೆಲ್ಲರ್ ದಂಡಕ್ಕೆ ಕಟ್ಟಿದ್ದ ಸತು. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಸೇರಿದರೆ ಬ್ಯಾಟರಿಯಂತೆ ವರ್ತಿಸುತ್ತವೆ. ಸತು ತಾನು ಕರಗಿ ಕಂಚಿನ ಪ್ರೊಪೆಲ್ಲರನ್ನು ಕಾಯುತ್ತದೆ. ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ‘ಸ್ಯಾಕ್ರಿಫಿಷಿಯಲ್ ಆನೋಡ್’ ಎಂದು ಚಿತ್ರ ಸಮೇತ ಬರೆದದ್ದು ಈಗ ನನ್ನ ಅಂಗೈಯಲ್ಲಿತ್ತು.

ಇಷ್ಟೊಂದು ಜಾಗರೂಕತೆ ಯಾಕೆ ಎಂಬುದು ಅವರ ಮುಂದಿನ ದಾರಿ ಕೇಳಿದಾಗ ತಿಳಿಯಿತು. ತಾಯ್ಲೆಂಡ್‌ನ ಫುಕೆಟ್‌ನಿಂದ ಶ್ರೀಲಂಕಾದ ಗಾಲ್, ಅಲ್ಲಿಂದ ಕೊಚ್ಚಿ. ಈಶಾನ್ಯದ ಗಾಳಿ ಬೀಸುವ ಚಳಿಗಾಲದಲ್ಲಿ ಇದು ಹಾಯಿದೋಣಿಗಳ ಹಳೆಯ ಹಾದಿ. ಮುಂದೆ ಕೆಂಪು ಸಮುದ್ರ ಹಾದು ಯುರೋಪ್ ಸೇರಬೇಕಿತ್ತು. 2023ರ ನವೆಂಬರ್‌ನಿಂದ ಅಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಇವರು ಮಾಲ್ಡೀವ್ಸ್, ಮಡಗಾಸ್ಕರ್ ದಾಟಿ ದಕ್ಷಿಣ ಆಫ್ರಿಕಾ ಸುತ್ತಿ ಹೋಗಲು ನಿರ್ಧರಿಸಿದ್ದಾರೆ. ವೇಗ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿ.ಮೀ. ನಮ್ಮೂರಿನ ಸೈಕಲ್ ಸವಾರನೂ ಹಿಂದಿಕ್ಕುವ ವೇಗ! ಮೂರು ತಾಸು ಒಬ್ಬರು ಮಲಗಿದರೆ ಮೂರು ತಾಸು ಇನ್ನೊಬ್ಬರು ಕಾವಲು. ‘ಭಯ ಆಗಲ್ವಾ ಆಂಟಿ?’ ಎಂದೆ. ‘ಆಗುತ್ತೆ. ಅದಕ್ಕೇ ದಡದಲ್ಲಿರುವಾಗ ರಿಪೇರಿ ಮಾಡ್ತೀವಿ’ ಎಂದರು.

ಈ ಬದುಕು ವಿದೇಶಿಯರಿಗೆ ಮಾತ್ರ ಮೀಸಲಲ್ಲ. ನೌಕಾಪಡೆಯ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲ ಭಾರತೀಯ. ಅಭಿಲಾಷ್ ಟಾಮಿ 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ನಡುಸಮುದ್ರದಿಂದ ರಕ್ಷಿಸಲ್ಪಟ್ಟರೂ ಮತ್ತೆ ಅದೇ ಸ್ಪರ್ಧೆಗೆ ಇಳಿದು 2023ರಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ದಿಲ್ನಾ ಕೆ. ಮತ್ತು ರೂಪಾ ಎ. ಗೋವಾದಲ್ಲಿ ಕಟ್ಟಿದ ‘ತಾರಿಣಿ’ಯಲ್ಲಿ 2024ರ ಅಕ್ಟೋಬರ್‌ನಲ್ಲಿ ಹೊರಟು 2025ರ ಮೇನಲ್ಲಿ ಮರಳಿದರು. ನಡುನೀರಿನಲ್ಲಿ ಇವರೆಲ್ಲ ತಾವೇ ಎಲೆಕ್ಟ್ರಿಷಿಯನ್, ತಾವೇ ಪ್ಲಂಬರ್, ತಾವೇ ವೈದ್ಯರು.

ಆರನೇ ಸೆಮಿಸ್ಟರ್ ಶುರುವಾಗಿದೆ. ತರಗತಿಯಲ್ಲಿ ಈಗ ಎಲ್ಲರ ಬಾಯಲ್ಲೂ ಪ್ಲೇಸ್‌ಮೆಂಟ್‌ನದೇ ಮಾತು. ಆ್ಯಪ್ಟಿಟ್ಯೂಡ್ ಪುಸ್ತಕ ನನ್ನ ಮೇಜಿನ ಮೇಲೂ ಇದೆ. ಅದರ ಪಕ್ಕ ಒಂದು ಹೊಸ ನೋಟ್‌ಬುಕ್ ಇಟ್ಟಿದ್ದೇನೆ. ಹಾಸ್ಟೆಲ್ ಕೋಣೆಯ ಫ್ಯಾನು, ಟ್ಯೂಬ್‌ಲೈಟ್, ಲ್ಯಾಪ್‌ಟಾಪ್ ಎಷ್ಟು ವ್ಯಾಟ್, ಎಷ್ಟು ತಾಸು. ಕರೆಂಟು ಹೋದರೆ ಯಾವುದನ್ನು ಮೊದಲು ಬಂದ್ ಮಾಡಬೇಕು ಎಂದು ಬರೆಯುತ್ತಿದ್ದೇವೆ. ರೂಮ್‌ಮೇಟ್ ಸಿವಿಲ್‌ನವನು, ನೀರಿನ ಪುಟ ಅವನದು. ನಿಮ್ಮ ಶಾಖೆ ಯಾವುದೇ ಇರಲಿ, ಒಂದು ವಾರ ಹೀಗೆ ಬರೆದು ನೋಡಿ. ಸಂದರ್ಶನದಲ್ಲಿ ‘ನೀವು ಸ್ವಂತ ಕೈಯಿಂದ ಏನು ಮಾಡಿದ್ದೀರಿ?’ ಎಂದು ಕೇಳಿದರೆ ಹೇಳಲು ನಮ್ಮದೇ ಒಂದು ಲೆಕ್ಕವಾದರೂ ಇರುತ್ತದೆ.