ವೆಬ್‌ಸೈಟ್‌ಗೆ ಎಷ್ಟಾಗುತ್ತೆ ತಮ್ಮಾ?

ಇಂಜಿನಿಯರಿಂಗ್ ಓದ್ತಿದ್ದೀವಿ ಅಂತ ಗೊತ್ತಾದ ತಕ್ಷಣ ಊರಲ್ಲಿ ನಮಗೆ ಎರಡು ಕೆಲಸ ಗ್ಯಾರಂಟಿ. ಒಂದು, ಯಾರದ್ದೋ ಪ್ರಿಂಟರ್ ರಿಪೇರಿ. ಇನ್ನೊಂದು, "ನಮ್ ಅಂಗಡಿಗೊಂದು ವೆಬ್‌ಸೈಟ್ ಮಾಡ್ಕೊಡ್ರಪ್ಪ, ಎಷ್ಟಾಗುತ್ತೆ?" ಅನ್ನೋ ಪ್ರಶ್ನೆ. ಮೊದಲನೆಯದಕ್ಕೆ ಹೇಗೋ ಉತ್ತರ ಸಿಗುತ್ತೆ. ಎರಡನೆಯದಕ್ಕೆ ನಾವು ಬಾಯಿಗೆ ಬಂದ ಅಂಕಿ ಹೇಳಿ ಕೈ ಸುಟ್ಟುಕೊಂಡಿದ್ದೇವೆ. ನೀವೂ ಸುಟ್ಟುಕೊಳ್ಳೋದು ಬೇಡ ಅಂತ ಈ ಲೇಖನ.

ನಾವು ಮೂರು ಜನ. ಭದ್ರಾವತಿಯ ಹಳೇನಗರದಲ್ಲಿ ಅಡಿಕೆ ಹಾಳೆಯಿಂದ ತಟ್ಟೆ, ದೊನ್ನೆ ಮಾಡುವ ಒಬ್ಬರು ನಮ್ಮಲ್ಲೊಬ್ಬನಿಗೆ ಪರಿಚಯ. 1923ರಿಂದ ಕಬ್ಬಿಣ ಕಾಯಿಸಿದ ಊರು ಅದು, 1936ರಲ್ಲಿ ಶುರುವಾದ ಎಂಪಿಎಂ ಕಂಪನಿಯ ಕಾಗದದ ಊರು. ಈಗ ಕಾರ್ಖಾನೆಯ ಸಂಬಳ ನಂಬಿಕೊಂಡ ಮನೆಗಳು ಕಡಿಮೆ. ಸಣ್ಣ ವ್ಯಾಪಾರದವರು ಹೊರಗಿನ ಗಿರಾಕಿ ಹುಡುಕಲೇಬೇಕು. ಇವರಿಗೂ ಬೆಂಗಳೂರಿನ ಅಡುಗೆ ಕಂಟ್ರಾಕ್ಟರ್‌ಗಳ ಆರ್ಡರ್ ಬೇಕಿತ್ತು. "ನಾಲ್ಕು ಸಾವಿರ ಕೊಡಿ ಅಂಕಲ್, ಎಲ್ಲಾ ಸೇರಿ" ಅಂದೆವು. ಅವರಿಗೂ ಖುಷಿ, ನಮಗೂ ಖುಷಿ.

ನಾಲ್ಕು ಸಾವಿರ ಎಲ್ಲಿಗೆ ಹೋಯ್ತು?

ಡೊಮೇನ್ ಮತ್ತು ಹೋಸ್ಟಿಂಗ್‌ಗೆ ಮೊದಲ ವರ್ಷದ ಆಫರ್‌ನಲ್ಲಿ 2,500 ರೂಪಾಯಿ ಆಯ್ತು. ಉಳಿದದ್ದು 1,500. ಈಗ ಗಂಟೆ ಲೆಕ್ಕ ನೋಡಿ. ಐದು ಪುಟದ ಸೈಟ್ ಅದು.

- ಹೋಗಿ ಮಾತಾಡಿ ಏನು ಬೇಕು ಅಂತ ತಿಳಿದದ್ದು: 6 ಗಂಟೆ
- ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ತಿದ್ದಿದ್ದು: 8 ಗಂಟೆ
- ತಟ್ಟೆಗಳ ಫೋಟೊ: 4 ಗಂಟೆ
- ವಿನ್ಯಾಸ ಮತ್ತು ಕೋಡ್: 16 ಗಂಟೆ
- ಮೊಬೈಲ್‌ನಲ್ಲಿ ಸರಿ ಕಾಣುತ್ತಾ, ಫಾರ್ಮ್ ಕೆಲಸ ಮಾಡುತ್ತಾ ಅನ್ನೋ ಪರೀಕ್ಷೆ: 5 ಗಂಟೆ
- ಹೋಸ್ಟಿಂಗ್‌ಗೆ ಏರಿಸಿದ್ದು, ಬ್ಯಾಕಪ್: 3 ಗಂಟೆ
- "ಇದೊಂಚೂರು ಬದಲಾಯಿಸಿ" ಅಂದದ್ದಕ್ಕೆಲ್ಲ: 8 ಗಂಟೆ

ಒಟ್ಟು 50 ಗಂಟೆ. 1,500 ರೂಪಾಯಿಯನ್ನು 50ರಿಂದ ಭಾಗಿಸಿದರೆ ಗಂಟೆಗೆ 30 ರೂಪಾಯಿ. ಅದನ್ನೂ ಮೂರು ಜನ ಹಂಚಿಕೊಳ್ಳಬೇಕು. ಶಿವಮೊಗ್ಗ–ಭದ್ರಾವತಿ ಬಸ್ ಚಾರ್ಜ್ ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಗಮನಿಸಿ, ಕೋಡ್ ಬರೆಯೋದು 50ರಲ್ಲಿ 16 ಗಂಟೆ ಮಾತ್ರ. ಗಿರಾಕಿಗೆ ಕಾಣೋದೂ ಅದೊಂದೇ, ನಾವು ಬೆಲೆ ಹೇಳುವಾಗ ಯೋಚಿಸೋದೂ ಅದೊಂದೇ. ಉಳಿದ 34 ಗಂಟೆ ಯಾರ ಲೆಕ್ಕದಲ್ಲೂ ಇರಲ್ಲ. ಉದಾಹರಣೆಗೆ, ಅಂಕಲ್ ಕೊಟ್ಟ ಕನ್ನಡ ಪಾಂಪ್ಲೆಟ್ ಹಳೇ ನುಡಿ ಫಾಂಟ್‌ನಲ್ಲಿತ್ತು. ಅದನ್ನು ಹಾಗೇ ಸೈಟ್‌ಗೆ ಹಾಕಿದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಹಾಳಾದಲ್ಲೆಲ್ಲ ಕೈಯಲ್ಲಿ ಸರಿ ಮಾಡಬೇಕು. ಇಲ್ಲದಿದ್ದರೆ ಗೂಗಲ್‌ನಲ್ಲಿ 'ಹಾಳೆ ತಟ್ಟೆ' ಅಂತ ಹುಡುಕಿದವರಿಗೆ ಅದು ಸಿಗೋದೇ ಇಲ್ಲ.

ಒಂದು ಸಲದ ಖರ್ಚು, ಪ್ರತಿ ವರ್ಷದ ಖರ್ಚು

ನಮ್ಮ ದೊಡ್ಡ ತಪ್ಪು ಕಡಿಮೆ ಬೆಲೆ ಅಲ್ಲ. "ಎಲ್ಲಾ ಸೇರಿ" ಅಂದದ್ದು.

ವೆಬ್‌ಸೈಟ್ ಅಂದರೆ ಮನೆ ಕಟ್ಟಿಸಿದ ಹಾಗೆ ಅಂತ ಅಂಗಡಿಯವರು ಅಂದುಕೊಂಡಿರ್ತಾರೆ: ಒಮ್ಮೆ ದುಡ್ಡು ಕೊಟ್ಟರೆ ಮುಗೀತು. ನಿಜಕ್ಕೂ ಅದು ಗಾಂಧಿ ಬಜಾರ್‌ನಲ್ಲಿ ಮಳಿಗೆ ಬಾಡಿಗೆಗೆ ಹಿಡಿದ ಹಾಗೆ. ಒಳಗಿನ ಕಪಾಟು, ಬೋರ್ಡ್ ಒಂದು ಸಲದ ಖರ್ಚು, ಬಾಡಿಗೆ ನಿಲ್ಲಲ್ಲ. ಡೊಮೇನ್ ಅಂದರೆ ವಿಳಾಸ. ಅದನ್ನು ಯಾರೂ ಶಾಶ್ವತವಾಗಿ ಕೊಳ್ಳೋಕಾಗಲ್ಲ, ಅವಧಿ ಮುಗಿದಾಗ ನವೀಕರಿಸಬೇಕು. ಹೋಸ್ಟಿಂಗ್ ಅಂದರೆ ಜಾಗ, ಅದಕ್ಕೂ ಬಾಡಿಗೆ. ಎರಡರ ಮೇಲೂ 18% ಜಿಎಸ್‌ಟಿ. ಮೊದಲ ವರ್ಷದ ಆಫರ್ ಬೆಲೆ ಎರಡನೇ ವರ್ಷ ಇರಲ್ಲ. ನಮ್ಮ 2,500 ಎರಡನೇ ವರ್ಷಕ್ಕೆ 4,800 ಆಗಿತ್ತು.

ಎಸ್‌ಎಸ್‌ಎಲ್, ಅಂದರೆ ವಿಳಾಸದ ಪಕ್ಕದ ಬೀಗದ ಗುರುತಿಗೆ, ಕೆಲವರು ಬೇರೆಯಾಗಿ ಸಾವಿರಾರು ರೂಪಾಯಿ ಬರೀತಾರೆ. ಸಣ್ಣ ಅಂಗಡಿಯ ಸೈಟ್‌ಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರ ಸಾಕು. ಆದರೆ ಅದರ ಅವಧಿ ತಿಂಗಳುಗಳ ಲೆಕ್ಕದ್ದು, ತಾನಾಗಿ ನವೀಕರಣ ಆಗೋ ಹಾಗೆ ಹೊಂದಿಸಬೇಕು. ವರ್ಡ್‌ಪ್ರೆಸ್ ಕೂಡ ಉಚಿತವೇ. ಅದನ್ನು ಅಪ್‌ಡೇಟ್ ಮಾಡದೆ ಬಿಟ್ಟರೆ ಯಾರಾದರೂ ಒಳಗೆ ನುಗ್ಗುತ್ತಾರೆ, ಅಪ್‌ಡೇಟ್ ಮಾಡುವವರ ಸಮಯ ಉಚಿತ ಅಲ್ಲ.

ಸೈಟ್‌ನಲ್ಲೇ ದುಡ್ಡು ಕಟ್ಟಿಸಿಕೊಳ್ಳೋದಾದರೆ ಮೂರನೇ ಥರದ ಖರ್ಚೂ ಬರುತ್ತೆ. ಅಂಗಡಿಯ ಕ್ಯೂಆರ್ ಕೋಡ್‌ಗೆ ಯುಪಿಐ ಮಾಡಿದರೆ ವ್ಯಾಪಾರಿಗೆ ಕಮಿಷನ್ ಇಲ್ಲ. ಪೇಮೆಂಟ್ ಗೇಟ್‌ವೇ ಕಂಪನಿಗಳು ಸಾಮಾನ್ಯವಾಗಿ 2% ಆಸುಪಾಸು, ಅದರ ಮೇಲೆ ಜಿಎಸ್‌ಟಿ ಹಿಡೀತವೆ. 1,000 ರೂಪಾಯಿಯ ಆರ್ಡರ್‌ಗೆ 23 ರೂಪಾಯಿ 60 ಪೈಸೆ ಹೋಯ್ತು. ಹಾಳೆ ತಟ್ಟೆಯಂಥ ಕಡಿಮೆ ಲಾಭದ ಮಾಲಿಗೆ ಅದು ಸಣ್ಣ ಮೊತ್ತ ಅಲ್ಲ, ಮೊದಲೇ ಹೇಳಬೇಕು.

ವಿಳಾಸ ಯಾರ ಹೆಸರಲ್ಲಿದೆ?

ಡೊಮೇನ್ ಕೊಂಡದ್ದು ನಮ್ಮ ಸೀನಿಯರ್ ಒಬ್ಬರ ಖಾತೆಯಿಂದ, ಅವರ ಕಾಲೇಜಿನ ಇಮೇಲ್ ಕೊಟ್ಟು. ಅವರು ಪಾಸಾಗಿ ಪುಣೆಗೆ ಹೋದರು, ಇಮೇಲ್ ಬಂದ್ ಆಯ್ತು. ನವೀಕರಣದ ನೆನಪೋಲೆಗಳೆಲ್ಲ ಯಾರೂ ತೆಗೆಯದ ಆ ಡಬ್ಬಿಗೆ ಹೋದವು.

ಒಂದು ದಿನ ಇಂಟರ್ನಲ್ಸ್ ಮಧ್ಯೆ ಫೋನ್ ಬಂತು. "ಏನ್ ತಮ್ಮಾ, ನಮ್ ವೆಬ್‌ಸೈಟ್ ಎಲ್ಲಿ ಹೋಯ್ತು? ಬೆಂಗಳೂರಿನ ಪಾರ್ಟಿ ಫೋನ್ ಮಾಡಿ, ಅಂಗಡಿ ಮುಚ್ಚಿಬಿಟ್ರಾ ಅಂತ ಕೇಳ್ತಿದಾರೆ." ಅವರ ವಿಸಿಟಿಂಗ್ ಕಾರ್ಡ್‌ನಲ್ಲಿ, ಬಿಲ್ ಪುಸ್ತಕದಲ್ಲಿ, ತಟ್ಟೆ ತುಂಬೋ ರಟ್ಟಿನ ಡಬ್ಬಿಗಳ ಮೇಲೆ ಅದೇ ವಿಳಾಸ ಅಚ್ಚಾಗಿತ್ತು.

ನಮ್ಮ ಅದೃಷ್ಟ, ಅವಧಿ ಮುಗಿದ ಡಾಟ್ ಕಾಮ್ ಹೆಸರು ಕೂಡಲೇ ಬೇರೆಯವರ ಪಾಲಾಗಲ್ಲ. ಕೊನೆಗೆ ದಂಡ ಕಟ್ಟಿ ಬಿಡಿಸಿಕೊಳ್ಳೋಕೆ 30 ದಿನದ ಒಂದು ಅವಧಿ ಇರುತ್ತೆ. ನಾವು ಅದರಲ್ಲಿದ್ದೆವು. ಸೀನಿಯರ್ ಫೋನ್ ನಂಬರ್ ಬದಲಾಯಿಸಿರಲಿಲ್ಲ, ಒಟಿಪಿ ಬಂತು. ದಂಡ, ನವೀಕರಣ ಸೇರಿ 8,000 ರೂಪಾಯಿಯ ಹತ್ತಿರ ಆಯ್ತು. ತಪ್ಪು ನಮ್ಮದು, ನಾವೇ ಕಟ್ಟಿದೆವು. ದುಡಿದದ್ದು 1,500!

ಆದ್ದರಿಂದ ಡೊಮೇನ್ ಮಾಲೀಕರ ಹೆಸರಲ್ಲಿ, ಅವರ ಸ್ವಂತ ಇಮೇಲ್ ಮತ್ತು ಫೋನ್ ನಂಬರಿನಲ್ಲೇ ಇರಬೇಕು. ದುಡ್ಡೂ ಅವರ ಕಾರ್ಡ್‌ನಿಂದಲೇ ಹೋಗಲಿ. ಪಾಸ್‌ವರ್ಡ್ ಬರೆದು ಅವರ ಕೈಗೆ ಕೊಡಿ. ಅಂಗಡಿ ಅವರದ್ದು, ಬೀಗದ ಕೈ ನಮ್ಮ ಹತ್ತಿರ ಯಾಕಿರಬೇಕು?

ಹಾಗಾದರೆ 40 ಸಾವಿರ ಕೇಳೋರು ಮೋಸಗಾರರಾ?

ಇಲ್ಲ. ಅದೇ 50 ಗಂಟೆಯ ಕೆಲಸಕ್ಕೆ ಗಂಟೆಗೆ 200 ರೂಪಾಯಿ ಹಿಡಿದರೂ 10,000 ಆಗುತ್ತೆ. ಕಂಪನಿಗೆ ಆಫೀಸ್ ಬಾಡಿಗೆ, ಕೆಲಸದವರ ಸಂಬಳ, ಜಿಎಸ್‌ಟಿ ಇರುತ್ತೆ. ಮುಂದಿನ ವರ್ಷ ಫೋನ್ ಮಾಡಿದರೆ ಎತ್ತೋಕೆ ಒಬ್ಬರು ಇರ್ತಾರೆ, ನಮ್ಮ ಹಾಗೆ ಪ್ಲೇಸ್‌ಮೆಂಟ್ ಆಗಿ ಹೊರಟು ಹೋಗಲ್ಲ. ಆ ಭರವಸೆಗೂ ಬೆಲೆ ಇದೆ. ಹಾಗಂತ ಸಿದ್ಧ ಟೆಂಪ್ಲೇಟ್‌ಗೆ ಹೆಸರು ಮಾತ್ರ ಬದಲಾಯಿಸಿ 40 ಸಾವಿರ ತಗೊಂಡರೆ ಅದು ಬೇರೆ ಮಾತು. ಒಟ್ಟು ಮೊತ್ತ ನೋಡಿದರೆ ಇದ್ಯಾವುದೂ ಗೊತ್ತಾಗಲ್ಲ, ಬಿಡಿಸಿ ಬರೆದ ಕೊಟೇಶನ್ ನೋಡಿದರೆ ಗೊತ್ತಾಗುತ್ತೆ.

ಎಲ್ಲರಿಗೂ ವೆಬ್‌ಸೈಟ್ ಬೇಕೂ ಇಲ್ಲ. ಗೋಪಿ ಸರ್ಕಲ್ ಹತ್ತಿರದ ಟೀ ಅಂಗಡಿಗೆ ಗೂಗಲ್ ಮ್ಯಾಪ್‌ನಲ್ಲಿ ಹೆಸರು, ಫೋಟೊ, ಸಮಯ ಇದ್ದರೆ ಸಾಕು. ದುರ್ಗಿಗುಡಿಯ ಬಟ್ಟೆ ಅಂಗಡಿಗೆ ವಾಟ್ಸ್ಆ್ಯಪ್ ಬಿಸಿನೆಸ್ ಕ್ಯಾಟಲಾಗ್‌ನಿಂದ ಶುರು ಮಾಡಬಹುದು. ಎರಡೂ ಉಚಿತ. ಆದರೆ ಬೇರೆಯವರ ಜಾಗ ಅನ್ನೋದು ನೆನಪಿರಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಉಚಿತವಾಗಿ ಮಾಡಿಕೊಂಡಿದ್ದ ಪುಟ್ಟ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ದೂರದ ಗಿರಾಕಿ ನಂಬಿ ಮುಂಗಡ ಕಳಿಸಬೇಕಾದ ವ್ಯಾಪಾರಕ್ಕೆ ಸ್ವಂತ ವಿಳಾಸ ಬೇಕು.

ಒಂದು ಹಾಳೆ ಸಾಕು

ಈಗ ನಾವು ಕೆಲಸಕ್ಕೆ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆದು, ಇಬ್ಬರೂ ಸಹಿ ಹಾಕ್ತೇವೆ:

1. ಎಷ್ಟು ಪುಟ, ಬರಹ ಮತ್ತು ಫೋಟೊ ಯಾರು ಕೊಡ್ತಾರೆ.
2. ಮಾಡಿಕೊಡುವ ಕೂಲಿ ಎಷ್ಟು. ತಿದ್ದುಪಡಿ ಎರಡು ಸಲ ಉಚಿತ, ಆಮೇಲೆ ಗಂಟೆಗೆ ಎಷ್ಟು.
3. ಡೊಮೇನ್, ಹೋಸ್ಟಿಂಗ್ ಮೊದಲ ವರ್ಷ ಎಷ್ಟು, ಎರಡನೇ ವರ್ಷ ಎಷ್ಟು, ಯಾರ ಹೆಸರಲ್ಲಿ.
4. ನಿರ್ವಹಣೆ ಬೇಕಾದರೆ ವರ್ಷಕ್ಕೆ ಎಷ್ಟು, ಬೇಡವಾದರೆ ಯಾರ ಜವಾಬ್ದಾರಿ.
5. ದುಡ್ಡು ಯಾವಾಗ: ಅರ್ಧ ಮುಂಗಡ, ಅರ್ಧ ಸೈಟ್ ಒಪ್ಪಿಸಿದ ದಿನ.
6. ನಾವು ಕಾಲೇಜು ಬಿಟ್ಟ ಮೇಲೆ ಯಾರಿಗೆ ಫೋನ್ ಮಾಡಬೇಕು.

ಆರನೆಯದನ್ನು ಯಾವ ಕಂಪನಿಯೂ ಬರೆಯಲ್ಲ. ನಾವು ಬರೆಯಲೇಬೇಕು.

ಭದ್ರಾವತಿಯ ಅಂಕಲ್ ನಮ್ಮನ್ನು ಬಿಟ್ಟುಹಾಕಲಿಲ್ಲ. ಡೊಮೇನ್ ಅವರ ಮಗಳ ಇಮೇಲ್‌ಗೆ ವರ್ಗ ಮಾಡಿಸಿದೆವು. ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾರೆ. ಹೋದ ತಿಂಗಳು ಪಕ್ಕದ ವರ್ಕ್‌ಶಾಪ್‌ನವರನ್ನು ಕರ್ಕೊಂಡು ಬಂದು ಪರಿಚಯ ಮಾಡಿಸಿದರು. ಅವರ ಮೊದಲ ಪ್ರಶ್ನೆ, "ಎಷ್ಟಾಗುತ್ತೆ ತಮ್ಮಾ?" ಈ ಸಲ ನಾವು ಅಂಕಿ ಹೇಳಲಿಲ್ಲ. "ಕೂತ್ಕೊಳ್ಳಿ ಸಾರ್, ಬರೆದು ತೋರಿಸ್ತೀವಿ" ಅಂದೆವು.