ಅರಸ, ನರ್ಸಮ್ಮ ಮತ್ತು ತಾಳಿಯ ಲೆಕ್ಕ

ದೊಡ್ಡ ಬಂಗಲೆ. ಮಾಳಿಗೆಯ ಮೇಲೆ ಕಿಟಕಿ ಮುಚ್ಚಿದ ಕೋಣೆ. ಒಳಗೆ ಹೆಂಡತಿಯನ್ನು ಕಳೆದುಕೊಂಡು ಮಾತು ಬಿಟ್ಟ ಜಮೀನ್ದಾರ. ಒಂದು ದಿನ ಬಿಳಿ ಸೀರೆಯ ನರ್ಸು ಬರುತ್ತಾಳೆ, ಕಿಟಕಿ ತೆಗೆಯುತ್ತಾಳೆ, ಗಂಜಿ ಕುಡಿಸುತ್ತಾಳೆ. ಮುನ್ನೂರು ಪುಟ ಮುಗಿಯುವ ಹೊತ್ತಿಗೆ ಇಬ್ಬರ ಕೊರಳಲ್ಲೂ ಹಾರ!

ಬೊಮ್ಮನಹಳ್ಳಿ, ಹೊಸಪೇಟೆ ಬಸ್ ಸ್ಟ್ಯಾಂಡುಗಳಲ್ಲಿ ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟಿರುತ್ತಿದ್ದ ಕಾದಂಬರಿಗಳನ್ನು ಓದಿದವರಿಗೆ ಈ ಕಥೆ ಬಾಯಿಪಾಠ. ಸಿನಿಮಾ ನೋಡಿದವರಿಗಂತೂ ಕೇಳುವುದೇ ಬೇಡ. "ಇದೆಲ್ಲಾ ಬರೇ ಕಥಿ ಬಿಡ್ರಿ, ಅರಸರು ಎಲ್ಲಾದ್ರೂ ನರ್ಸಮ್ಮಗ ತಾಳಿ ಕಟ್ಟತಾರೇನು?" ಎಂದು ನೀವು ಕೇಳಬಹುದು.

ಕಟ್ಟಿದ್ದಾರೆ ಸ್ವಾಮಿ. ಅದೂ ನಮ್ಮ ಮೈಲಾರಲಿಂಗನ ಒಕ್ಕಲಿನ ಮನೆತನದಲ್ಲೇ.

ಏಳುಕೋಟಿಯ ನಂಟು

ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಾರಣಿಕ ಕೇಳಲು ತಂಬ್ರಹಳ್ಳಿ ಕಡೆಯಿಂದ ಗಾಡಿ ಕಟ್ಟಿಕೊಂಡು ಹೋದವರ ಮೊಮ್ಮಕ್ಕಳು ಇಂದು ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ ಹೋಗುತ್ತಾರೆ. ನಾವು ಇಲ್ಲಿ ಮೈಲಾರಲಿಂಗ ಎಂದು ಕರೆಯುವ ದೇವರನ್ನೇ ಮಹಾರಾಷ್ಟ್ರದ ಜೆಜೂರಿಯಲ್ಲಿ ಖಂಡೋಬಾ, ಮಲ್ಹಾರಿ ಎನ್ನುತ್ತಾರೆ. ನಮ್ಮಲ್ಲಿ 'ಏಳುಕೋಟಿ' ಎಂದರೆ ಅಲ್ಲಿ 'ಯಳಕೋಟ್'. ಇಂದೂರಿನ ಹೋಳ್ಕರರ ಮನೆದೇವರು ಆ ಖಂಡೋಬನೇ. ವಂಶದ ಮೂಲಪುರುಷನ ಹೆಸರೇ ಮಲ್ಹಾರ ರಾವ್. ಕುಲದಿಂದ ಧನಗರರು, ಅಂದರೆ ನಮ್ಮ ಹಾಲುಮತದವರಂತೆ ಕುರಿ ಕಾಯ್ದವರು. ಅಹಲ್ಯಾಬಾಯಿ ಹೋಳ್ಕರಳ ಫೋಟೋ ನಮ್ಮ ಸೀಮೆಯಲ್ಲೂ ಎಷ್ಟೋ ಮನೆ, ಅಂಗಡಿಗಳಲ್ಲಿ ತೂಗುತ್ತಿರುವುದು ಈ ನಂಟಿನಿಂದಲೇ.

ಈ ಮನೆತನದ ಎರಡನೇ ಯಶವಂತ ರಾವ್ ಹೋಳ್ಕರನೇ ನಮ್ಮ ಇಂದಿನ ಕಥಾನಾಯಕ. ಹುಟ್ಟಿದ್ದು 1908ರಲ್ಲಿ.

ಅಪ್ಪನ ಹಗರಣ, ಮಗನಿಗೆ ಪಟ್ಟ

1925ರ ಜನವರಿ 12ರ ಸಂಜೆ. ಮುಂಬಯಿಯ ಮಲಬಾರ್ ಹಿಲ್. ಅಬ್ದುಲ್ ಕಾದರ್ ಬಾವ್ಲಾ ಎಂಬ ಶ್ರೀಮಂತ ವರ್ತಕ ಕಾರಿನಲ್ಲಿ ಹೊರಟಿದ್ದ. ಪಕ್ಕದಲ್ಲಿ ಮುಮ್ತಾಜ್ ಬೇಗಂ, ಇಂದೂರಿನ ಅರಮನೆಯನ್ನು ಬಿಟ್ಟು ಬಂದಿದ್ದ ನರ್ತಕಿ. ಇನ್ನೊಂದು ಕಾರು ಬಂದು ಅಡ್ಡಗಟ್ಟಿತು. ಬಾವ್ಲಾ ಗುಂಡೇಟಿಗೆ ಸತ್ತ. ಮುಮ್ತಾಜಳ ಮುಖಕ್ಕೆ ಚೂರಿ ಬಿತ್ತು. ಗಾಲ್ಫ್ ಆಡಿ ಮರಳುತ್ತಿದ್ದ ಇಂಗ್ಲಿಷ್ ಮಿಲಿಟರಿ ಅಧಿಕಾರಿಗಳು ಅದೇ ದಾರಿಯಲ್ಲಿ ಬಂದಿರದಿದ್ದರೆ ಆಕೆಯನ್ನು ಹೊತ್ತೊಯ್ಯುತ್ತಿದ್ದರು.

ಜಾಡು ನೇರವಾಗಿ ಇಂದೂರಿಗೆ ಹೋಯಿತು. ಆರೋಪಿಯೊಬ್ಬನ ಪರವಾಗಿ ಮಹಮ್ಮದ್ ಅಲಿ ಜಿನ್ನಾ ಅವರೇ ವಕಾಲತ್ತು ವಹಿಸಿದ ಈ ಕೇಸು ಇಡೀ ದೇಶದ ಪೇಪರುಗಳಿಗೆ ತಿಂಗಳುಗಟ್ಟಲೆ ಊಟವಾಯಿತು. ಕೊನೆಗೆ ಬ್ರಿಟಿಷ್ ಸರ್ಕಾರ ಮಹಾರಾಜ ತುಕೋಜಿ ರಾವ್‌ಗೆ ಎರಡೇ ದಾರಿ ತೋರಿಸಿತು: ವಿಚಾರಣೆಗೆ ನಿಲ್ಲು, ಇಲ್ಲವೇ ಗಾದಿ ಬಿಡು. 1926ರ ಫೆಬ್ರವರಿಯಲ್ಲಿ ಆತ ಗಾದಿ ಬಿಟ್ಟ.

ಗಾದಿಗೆ ಬಂದ ಯಶವಂತನಿಗೆ ಆಗ ಹದಿನೇಳು. ಮೀಸೆ ಮೂಡುವ ವಯಸ್ಸಿಗೆ ಅಪ್ಪನ ಅಪಕೀರ್ತಿಯ ಜೊತೆಗೆ ಸಿಂಹಾಸನವೂ ಹೆಗಲೇರಿತು. ಓದಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಪೂರ್ಣ ಅಧಿಕಾರ ಸಿಕ್ಕಿದ್ದು 1930ರಲ್ಲಿ.

ಕಾಗಲ್ ಹೆಣ್ಣು

ಅವನಿಗೆ 1924ರಲ್ಲೇ ಮದುವೆಯಾಗಿತ್ತು. ಹೆಣ್ಣು ಯಾವ ಊರಿನವಳು ಗೊತ್ತೇ? ನಮ್ಮ ನಿಪ್ಪಾಣಿ ದಾಟಿದರೆ ಕೊಲ್ಲಾಪುರದ ರಸ್ತೆಯಲ್ಲಿ ಸಿಗುವ ಕಾಗಲ್. ಅಲ್ಲಿನ ಘಾಟ್ಗೆ ಮನೆತನದ ಸಂಯೋಗಿತಾ. ಕೊಲ್ಲಾಪುರದ ಶಾಹೂ ಮಹಾರಾಜರು ಹುಟ್ಟಿದ್ದೂ ಅದೇ ಮನೆತನದಲ್ಲಿ. ಮರಾಠಾ ಹೆಣ್ಣು ಧನಗರ ಮನೆಗೆ ಸೊಸೆಯಾಗುವುದು ಆ ಕಾಲಕ್ಕೆ ದೊಡ್ಡ ಮಾತು. ಅಂಥ ನೆಂಟಸ್ತನಗಳಿಗೆ ಶಾಹೂ ಮಹಾರಾಜರೇ ಒತ್ತಾಸೆಯಾಗಿ ನಿಂತಿದ್ದರು.

ಈ ಜೋಡಿಗೆ ಹೊಸತಿನ ಹುಚ್ಚು. ಎಕಾರ್ಟ್ ಮುಥೇಸಿಯಸ್ ಎಂಬ ಜರ್ಮನ್ ವಾಸ್ತುಶಿಲ್ಪಿಯನ್ನು ಕರೆಸಿ ಇಂದೂರಿನಲ್ಲಿ ಮಾಣಿಕ್ ಬಾಗ್ ಅರಮನೆ ಕಟ್ಟಿಸಿದರು. ಪ್ಯಾರಿಸಿನ ಶಿಲ್ಪಿ ಬ್ರಾಂಕುಸಿಯಿಂದ ಹಾರುವ ಹಕ್ಕಿಯ ಮೂರು ಶಿಲ್ಪಗಳನ್ನು ಕೊಂಡು, ಅವನ್ನಿಡಲು ಒಂದು ಧ್ಯಾನಮಂದಿರ ಕಟ್ಟಿಸಬೇಕೆಂದೂ ಯೋಚಿಸಿದ್ದರು. 1933ರಲ್ಲಿ ಮಗಳು ಉಷಾ ಹುಟ್ಟಿದಳು.

1937ರ ಜುಲೈಯಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಸಂಯೋಗಿತಾ ತೀರಿಕೊಂಡಳು. ಇನ್ನೂ ಇಪ್ಪತ್ತೈದು ದಾಟದ ಹೆಣ್ಣುಮಗಳು. ಕೂಸಿಗೆ ನಾಲ್ಕು ತುಂಬಿರಲಿಲ್ಲ. ಧ್ಯಾನಮಂದಿರದ ಕೆಲಸಕ್ಕೆಂದು ಬ್ರಾಂಕುಸಿ ಇಂದೂರಿನವರೆಗೂ ಬಂದು, ಏನೂ ಕಟ್ಟದೆ ಬರಿಗೈಯಲ್ಲಿ ಹಿಂತಿರುಗಿದ. ಕಾದಂಬರಿಯ ಕಿಟಕಿ ಮುಚ್ಚಿದ ಕೋಣೆ ಇದೇ ನೋಡಿ.

ಫಾರ್ಗೋ ಊರಿನ ನರ್ಸು

ಮಾರನೇ ವರ್ಷ, 1938ರಲ್ಲಿ, ಯಶವಂತ ರಾವ್ ಎರಡನೇ ಮದುವೆಯಾದ. ಹೆಣ್ಣು ಮಾರ್ಗರೀಟ್ ಲಾಲರ್, ಅಮೆರಿಕದ ಉತ್ತರ ಡಕೋಟಾ ರಾಜ್ಯದ ಫಾರ್ಗೋ ಎಂಬ ಊರಿನವಳು. ಗೋಧಿ ಹೊಲಗಳ ನಡುವಿನ, ಚಳಿಗಾಲದಲ್ಲಿ ಹಿಮ ಮುಚ್ಚುವ ಊರು ಅದು. ರಾಜಕುಮಾರಿಯೂ ಅಲ್ಲ, ಸಿನಿಮಾ ತಾರೆಯೂ ಅಲ್ಲ. ಕಸುಬಿನಿಂದ ನರ್ಸು! ಬಸ್ ಸ್ಟ್ಯಾಂಡ್ ಕಾದಂಬರಿ ಇಲ್ಲಿಗೆ ಮುಗಿಯಬೇಕು. ಹಾರ, ವಾಲಗ, 'ಶುಭಂ'.

ಆದರೆ ನಿಜದ ಲೆಕ್ಕ ಶುರುವಾಗುವುದೇ ಇಲ್ಲಿಂದ. ಬ್ರಿಟಿಷರ ಕಾಲದಲ್ಲಿ ರಾಜನೊಬ್ಬ ಬಿಳಿ ಹೆಣ್ಣನ್ನು ಮದುವೆಯಾದರೆ ದೆಹಲಿ ಮೂಗು ಮುರಿಯುತ್ತಿತ್ತು. ನಮ್ಮಂತೆಯೇ ಮದ್ರಾಸಿನ ಕಡೆ ನೋಡಿಕೊಂಡಿದ್ದ ಪುದುಕೋಟೆ ಸಂಸ್ಥಾನದ ಮಾರ್ತಾಂಡ ಭೈರವ ತೊಂಡಮಾನ್ 1915ರಲ್ಲಿ ಆಸ್ಟ್ರೇಲಿಯಾದ ಮಾಲಿ ಫಿಂಕ್‌ಳನ್ನು ಮದುವೆಯಾದ. ಸರ್ಕಾರ ಆಕೆಯನ್ನು ರಾಣಿ ಎಂದು ಒಪ್ಪಲಿಲ್ಲ. ಹುಟ್ಟಿದ ಗಂಡುಮಗುವಿಗೆ ಗಾದಿ ಸಿಗಲಿಲ್ಲ. ರಾಜ ಊರು ಬಿಟ್ಟು ಹೋಗಿ 1928ರಲ್ಲಿ ಪ್ಯಾರಿಸಿನಲ್ಲಿ ಸತ್ತ.

ಅದೇ 1928ರಲ್ಲಿ ಯಶವಂತನ ಅಪ್ಪ ತುಕೋಜಿ ರಾವ್ ಅಮೆರಿಕದ ನ್ಯಾನ್ಸಿ ಮಿಲ್ಲರ್‌ಳನ್ನು ವರಿಸಿದ. ಆಕೆಗೆ ಶುದ್ಧಿ ಮಾಡಿಸಿ ಹಿಂದೂ ಧರ್ಮಕ್ಕೆ ಸೇರಿಸಿಕೊಂಡವರು ಕರವೀರ ಪೀಠದ ಶಂಕರಾಚಾರ್ಯ ಡಾ. ಕುರ್ತಕೋಟಿ. ಹೌದು, ಗದಗಿನ ಹತ್ತಿರದ ಕುರ್ತಕೋಟಿಯ ಹೆಸರು ಹೊತ್ತ ಸ್ವಾಮಿಗಳೇ! ನ್ಯಾನ್ಸಿ ಶರ್ಮಿಷ್ಠಾ ದೇವಿಯಾದಳು, ಹೋಳ್ಕರ್ ಮನೆಯವಳಾಗಿಯೇ ಇಲ್ಲಿ ಬಾಳಿದಳು.

ಮಾರ್ಗರೀಟಳ ಸಂಸಾರ ಅಷ್ಟು ದೂರ ಬರಲಿಲ್ಲ. ಮಹಾರಾಜ ವರ್ಷಗಟ್ಟಲೆ ಅಮೆರಿಕದಲ್ಲೇ ಇರುತ್ತಿದ್ದ. 1942ರ ಮೇ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರಿಗೆ ಬಹಿರಂಗ ಪತ್ರ ಬರೆದು, ಭಾರತ-ಬ್ರಿಟನ್ ವಿವಾದವನ್ನು ಅಮೆರಿಕ, ಚೀನಾ, ರಷ್ಯಾ ನಡುವೆ ನಿಂತು ಬಗೆಹರಿಸಲಿ ಎಂದು ಕೇಳಿದ. ಒಬ್ಬ ಸಂಸ್ಥಾನಿಕ ಹೀಗೆ ಬರೆಯುವುದು ಸಣ್ಣ ಎದೆಗಾರಿಕೆಯಲ್ಲ. ಆದರೆ 1943ರಲ್ಲಿ ಮಾರ್ಗರೀಟಳಿಗೆ ವಿಚ್ಛೇದನ. ಅದೇ ವರ್ಷ ಯೂಫೀಮಿಯಾ ಕ್ರೇನ್ ಎಂಬ ಇನ್ನೊಬ್ಬ ಅಮೆರಿಕನ್ ಹೆಂಗಸಿನೊಂದಿಗೆ ಮೂರನೇ ಮದುವೆ!

ಐದು ವರ್ಷ. ನರ್ಸಮ್ಮನ ಅರಮನೆ ವಾಸ ಅಲ್ಲಿಗೆ ಮುಗಿಯಿತು.

ಮೂರನೆಯವಳ ಮಗ ರಿಚರ್ಡ್ 1944ರಲ್ಲಿ ಹುಟ್ಟಿದ. ಗಂಡುಮಗುವಾದರೂ ಅವನಿಗೆ ವಾರಸುದಾರಿಕೆ ಸಿಗಲಿಲ್ಲ. 1961ರ ಡಿಸೆಂಬರಿನಲ್ಲಿ ಯಶವಂತ ರಾವ್ ಮುಂಬಯಿಯಲ್ಲಿ ತೀರಿಕೊಂಡಾಗ ಉತ್ತರಾಧಿಕಾರಿಯಾದವಳು ಕಾಗಲ್ ಹೆಣ್ಣಿನ ಮಗಳು ಉಷಾ. 1971ರಲ್ಲಿ ರಾಜಧನವೂ ರದ್ದಾಯಿತು. 1980ರಲ್ಲಿ ಮಾಣಿಕ್ ಬಾಗಿನ ಕುರ್ಚಿ, ಮೇಜು, ದೀಪಗಳು ಮೊನಾಕೋದಲ್ಲಿ ಹರಾಜಾದವು. ಆ ಅರಮನೆಯಲ್ಲಿ ಆಮೇಲೆ ಕೂತಿದ್ದು ಕೇಂದ್ರ ಸರ್ಕಾರದ ತೆರಿಗೆ ಆಫೀಸು!

ಅದೇ 1938, ಇನ್ನೊಬ್ಬ ನರ್ಸು

ಈಗ ಇನ್ನೊಂದು ಮನೆಯ ಕಥೆ ಕೇಳಿ. ಇಲ್ಲಿ ಅರಮನೆ ಇಲ್ಲ, ಅರಸನೂ ಇಲ್ಲ. ಇರುವುದು ಸರ್ಕಾರಿ ಡಾಕ್ಟರ ಮನೆ.

ಕೃಷ್ಣಾಬಾಯಿ ಮಂಕೀಕರ. ಸಾರಸ್ವತ ಬ್ರಾಹ್ಮಣರ ಹೆಣ್ಣುಮಗಳು. ಚಿಕ್ಕ ವಯಸ್ಸಿಗೆ ಗಂಡ ಸತ್ತ, ಕೈಯಲ್ಲಿ ಒಂದು ಗಂಡುಮಗು. ಬದುಕಬೇಕಲ್ಲ? ನರ್ಸಿನ ಕೆಲಸ ಹಿಡಿದರು. ಆ ಕಾಲಕ್ಕೆ ವಿಧವೆಗೆ ತವರಿನ ಅಡುಗೆಮನೆ ಬಿಟ್ಟರೆ ತೆರೆದಿದ್ದ ದಾರಿಗಳು ಎರಡೋ ಮೂರೋ. ಪುಣೆಯ ಸೇವಾಸದನದಂಥ ಸಂಸ್ಥೆಗಳು ವಿಧವೆಯರಿಗೆ ನರ್ಸಿಂಗ್ ಕಲಿಸಲು ಮುಂದಾಗಿದ್ದವು. ಆದರೆ ಜನ ಏನೆನ್ನುತ್ತಿದ್ದರು? ಕಂಡಕಂಡವರ ಮೈ ಮುಟ್ಟುವ ಕೆಲಸ, ಮಡಿ ಇಲ್ಲ ಮೈಲಿಗೆ ಇಲ್ಲ ಎನ್ನುತ್ತಿದ್ದರು. ಜ್ವರ ಬಂದಾಗ ಮಾತ್ರ "ಅಮ್ಮಾ ತಾಯಿ!"

ಆ ಕೆಲಸದ ದಾರಿಯಲ್ಲೇ ಡಾ. ರಘುನಾಥ ಕಾರ್ನಾಡರ ಪರಿಚಯವಾಯಿತು. ಮುಂಬಯಿ ಸರ್ಕಾರದ ವೈದ್ಯಕೀಯ ಇಲಾಖೆಯಲ್ಲಿದ್ದವರು. ಇಬ್ಬರ ಮನಸ್ಸೂ ಕೂಡಿತು. ಆದರೆ ವಿಧವೆಗೆ ತಾಳಿಯೇ? ಜಾತಿಯವರು ಸುಮ್ಮನಿರುತ್ತಾರೆಯೇ? ವಿಧವಾ ವಿವಾಹಕ್ಕೆ ಒಪ್ಪಿಗೆ ಕೊಟ್ಟ ಕಾನೂನು ಬಂದಿದ್ದು 1856ರಲ್ಲಿ. ಕಾನೂನು ಬಂದು ಎಪ್ಪತ್ತು ವರ್ಷವಾದ ಮೇಲೂ ಓದಿದ, ಸಂಬಳದ, ಹೆಸರಿದ್ದ ಒಬ್ಬ ಡಾಕ್ಟರಿಗೆ ಆ ಕಾನೂನನ್ನು ಬಳಸಲು ಧೈರ್ಯ ಸಾಲದಂಥ ಸಮಾಜ! ಹಲವು ವರ್ಷ ಕಾದರು. ಕೊನೆಗೆ ಆರ್ಯ ಸಮಾಜದ ಪದ್ಧತಿಯಲ್ಲಿ ಮದುವೆ ನಡೆಯಿತು.

ಇಂದೂರಿನ ಅರಸ ನರ್ಸನ್ನು ಮದುವೆಯಾದ ಅದೇ 1938ರ ಮೇ 19ರಂದು, ಮಾಥೇರಾನಿನಲ್ಲಿ ಈ ನರ್ಸಮ್ಮ ಒಂದು ಗಂಡುಮಗು ಹೆತ್ತರು. ಆ ಮಗುವೇ ಗಿರೀಶ ಕಾರ್ನಾಡ. 'ಯಯಾತಿ', 'ತುಘಲಕ್' ಬರೆದವರು, 1998ರಲ್ಲಿ ಜ್ಞಾನಪೀಠ ಪಡೆದವರು, 2019ರಲ್ಲಿ ತೀರಿಕೊಂಡವರು.

ಈ ಮಗು ಬೇಡವೆಂದು ಗಂಡ ಹೆಂಡತಿ ಪುಣೆಯ ಡಾ. ಮಧುಮಾಲತಿ ಗುಣೆ ಅವರ ದವಾಖಾನೆಗೆ ಹೋಗಿದ್ದರಂತೆ. ಡಾಕ್ಟರು ಬರಲಿಲ್ಲ. ಕಾದು ಸಾಕಾಗಿ ಎದ್ದು ಬಂದರಂತೆ. 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದ ತಮ್ಮ ಆತ್ಮಕಥೆ 'ಆಡಾಡತ ಆಯುಷ್ಯ'ವನ್ನು ಕಾರ್ನಾಡರು ಅರ್ಪಿಸಿದ್ದು ಆ ಬಾರದ ಡಾಕ್ಟರಿಗೇ! ತಾಯಿಯ ಬಾಳನ್ನೂ ಅವರು ಮುಚ್ಚಿಡಲಿಲ್ಲ. ವಿಧವೆ, ನರ್ಸು, ಮರುಮದುವೆ, ಎಲ್ಲವನ್ನೂ ಹೆಸರು ಹಿಡಿದು ಬರೆದರು.

ಎರಡು ಮನೆ ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ದುಡ್ಡಿತ್ತು, ವಿಮಾನವಿತ್ತು, ವಜ್ರವಿತ್ತು. ಹೆಂಡತಿ ಸತ್ತ ಮಾರನೇ ವರ್ಷವೇ ಮದುವೆಯಾಯಿತು, ಐದನೇ ವರ್ಷಕ್ಕೆ ಮುರಿಯಿತು. ಇಲ್ಲಿ ಮದುವೆಗೇ ವರ್ಷಗಟ್ಟಲೆ ಕಾಯಬೇಕಾಯಿತು, ಆಮೇಲೆ ಬಾಳು ಕೊನೆತನಕ ನಡೆಯಿತು.

ಉಡಿಕೆಯ ಮಾತು

"ನಮ್ಮ ಕಡೆ ಇದೇನು ಹೊಸದಲ್ಲ ಬಿಡ್ರಿ, ಉಡಿಕಿ ಇತ್ತಲ್ಲ" ಎನ್ನುವ ಹಿರಿಯರಿದ್ದಾರೆ. ಮಾತು ಖರೆ. ನಮ್ಮ ಬಳ್ಳಾರಿ ಸೀಮೆಯ ದುಡಿದು ತಿನ್ನುವ ಎಷ್ಟೋ ಕುಲಗಳಲ್ಲಿ ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಂದು ಮನೆ ತುಂಬಿಸುವ ಪದ್ಧತಿ ಹಿಂದಿನಿಂದಲೂ ಇತ್ತು. ಮೇಲುಜಾತಿ ಎನಿಸಿಕೊಂಡವರಿಗೆ ಕಾನೂನು ಬಂದರೂ ಬಾರದ ಬುದ್ಧಿ ಇವರಲ್ಲಿ ಕಾನೂನಿಲ್ಲದೇ ಇತ್ತು. ಇದು ಹೆಮ್ಮೆಯ ಮಾತೇ.

ಆದರೆ ಪೂರ್ತಿ ಹೇಳಬೇಕಲ್ಲ? ಉಡಿಕೆಗೆ ಹಗಲು ಚಪ್ಪರವಿರಲಿಲ್ಲ, ರಾತ್ರಿ ಹೊತ್ತು ಮುಗಿಸುತ್ತಿದ್ದರು. ಉಡಿಕೆಯಾದವಳನ್ನು ಇನ್ನೊಬ್ಬರ ಮದುವೆಯ ಆರತಿಗೆ ಕರೆಯುತ್ತಿರಲಿಲ್ಲ. ಬಾಳು ಕೊಟ್ಟರು, ಆದರೆ ಮರ್ಯಾದೆಯನ್ನು ಅರ್ಧ ಮಾತ್ರ ಅಳೆದು ಕೊಟ್ಟರು.

ಕರುಣೆ ಒಂದೇ ಸಾಲದು

ನರ್ಸಿನ ಕಥೆಗಳಲ್ಲಿ ಕರುಣೆಯೆಲ್ಲ ಅವಳದ್ದೇ. ಅವಳು ಗಂಜಿ ಕುಡಿಸಬೇಕು, ಅವಳು ನಿದ್ದೆ ಕೆಡಬೇಕು, ಅವಳು ಕಣ್ಣೀರು ಒರೆಸಬೇಕು. ಅರಸನ ಕೆಲಸ ನರಳುವುದು, ಗುಣವಾಗುವುದು, ತಾಳಿ ಕಟ್ಟುವುದು. ಕಟ್ಟಿದ ಮೇಲೆ ಅವಳಿಗೆ ಆ ಮನೆಯಲ್ಲಿ ಯಾವ ಹೆಸರು, ಮಕ್ಕಳಿಗೆ ಯಾವ ಹಕ್ಕು ಎಂದು ಯಾವ ಕಾದಂಬರಿಯೂ ಕೇಳುವುದಿಲ್ಲ. ಪುದುಕೋಟೆ, ಇಂದೂರು ಎರಡು ಕಡೆಯೂ ಕೊನೆಗೆ ಎದ್ದು ನಿಂತ ಪ್ರಶ್ನೆ ಅದೇ.

ಆ ಪ್ರಶ್ನೆಗೆ ಇಂದು ಅರಸನೂ ಬೇಡ, ವೈಸರಾಯನೂ ಬೇಡ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಧವೆಯ ಮದುವೆಗೂ ಕನ್ಯೆಯ ಮದುವೆಗೂ ಭೇದವಿಲ್ಲ. ಬೇರೆ ಬೇರೆ ಧರ್ಮದವರಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ಮೂವತ್ತು ದಿನದ ನೋಟೀಸು ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳಬಹುದು. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ತಾಳಿ ಕಟ್ಟಿದ್ದಕ್ಕೆ ಸಾಕ್ಷಿ ಹೇಳುವವರು ಮುಂದೆ ಮಾತು ತಿರುಗಿಸಬಹುದು, ರಿಜಿಸ್ಟರ್ ಪುಸ್ತಕ ತಿರುಗಿಸುವುದಿಲ್ಲ. ಪಿಂಚಣಿಗೆ, ಪಹಣಿಗೆ, ಮಕ್ಕಳ ಪಾಲಿಗೆ ನಾಳೆ ಕೇಳುವುದು ಆ ಕಾಗದವನ್ನೇ.

ಕಾನೂನು ಸರಿಹೋಯಿತು. ಇನ್ನು ಕಟ್ಟೆಯ ಮೇಲಿನ ಮಾತು ಸರಿಹೋಗಬೇಕು. ಮಧ್ಯರಾತ್ರಿ ಹೆರಿಗೆಗೆ ಓಡಿಬರುವ ಸಿಸ್ಟರನ್ನು 'ತಾಯಿ' ಎನ್ನುತ್ತೇವೆ. ಗಂಡನಿಲ್ಲದ ಅದೇ ಹೆಣ್ಣುಮಗಳು ಮತ್ತೊಂದು ಮದುವೆ ಮಾಡಿಕೊಂಡಳೆಂದರೆ ಬೆಳಗಿನ ಮೊದಲ ಬಸ್ಸಿನಲ್ಲಿ ಅದೇ ಸುದ್ದಿ! ಕೃಷ್ಣಾಬಾಯಿಯವರನ್ನು ವರ್ಷಗಟ್ಟಲೆ ಕಾಯಿಸಿದ್ದು ಕಾನೂನಲ್ಲ, ಇಂಥ ಮಾತುಗಳೇ. ಮುಂದಿನ ಸಲ ಯಾರದಾದರೂ ಮರುಮದುವೆಗೆ ಕರೆ ಬಂದರೆ ಹಗಲು ಹೊತ್ತಿನಲ್ಲೇ, ಮನೆಮಂದಿಯೆಲ್ಲ ಕೂಡಿ ಹೋಗಿ ಅಕ್ಷತೆ ಹಾಕಿ ಬನ್ನಿ.